ಎಂಜಲಾಗದ ಕೇಕು

ವೇಯ್ನ್ ಟೀಬೊ ಅವರನ್ನು ಜನ ಮರೆತಿದ್ದರೆ ಈ ಲೇಖನ ಬರೆಯುವ ಅಗತ್ಯವಿರುತ್ತಿರಲಿಲ್ಲ. ಜನ ಅವರನ್ನು ಮನಸಾರೆ ಪ್ರೀತಿಸುತ್ತಾರೆ. ಆ ಪ್ರೀತಿಯ ರೀತಿಯ ಬಗ್ಗೆಯೇ ನನ್ನ ತಕರಾರು. ಅಮೆರಿಕದ ಈ ಹಿರಿಯ ಕಲಾವಿದರ ಹೆಸರೆತ್ತಿದರೆ ಕಲೆಯ ಗಂಧಗಾಳಿ ಇದ್ದವರೆಲ್ಲ ‘ಕೇಕುಗಳ ಚಿತ್ರಕಾರ’ ಎಂದು ನಗುಮುಖದಿಂದ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. 2010ರಲ್ಲಿ ಗೂಗಲ್ ತನ್ನ ಹನ್ನೆರಡನೆಯ ಹುಟ್ಟುಹಬ್ಬಕ್ಕೆ ಮುಖಪುಟದಲ್ಲಿ ಹಾಕಿಕೊಂಡದ್ದು ಅವರು ಬರೆದ ಕೇಕಿನ ಚಿತ್ರವನ್ನೇ. ಆಗ ಅವರಿಗೆ ತೊಂಬತ್ತರ ಹತ್ತಿರ. ಅರ್ಧ ಶತಮಾನದ ಕೆಲಸವೆಲ್ಲ ಒಂದು ಹುಟ್ಟುಹಬ್ಬದ ಶುಭಾಶಯವಾಗಿ ಕರಗಿಹೋದದ್ದನ್ನು ಯಾರೂ ನಷ್ಟವೆಂದು ಲೆಕ್ಕ ಹಾಕಲಿಲ್ಲ.

ಪ್ರಚಲಿತ ಅಭಿಪ್ರಾಯಕ್ಕೆ ಎರಡು ಕವಲುಗಳಿವೆ. ಯುದ್ಧಾನಂತರದ ಅಮೆರಿಕದ ಸಮೃದ್ಧಿಯನ್ನು, ಬಾಲ್ಯದ ಸಿಹಿಯನ್ನು, ಬೇಕರಿಯ ಗಾಜಿನ ಹಿಂದಿನ ಸಂತೋಷವನ್ನು ಟೀಬೊ ಸಂಭ್ರಮಿಸಿದರು ಎನ್ನುವುದು ಒಂದು. ಇಲ್ಲ, ಸಾಲುಸಾಲಾಗಿ ನಿಂತ ಈ ಸಿಹಿತಿಂಡಿಗಳು ಭೋಗಸಂಸ್ಕೃತಿಯ ವಿಮರ್ಶೆ, ತಿಂದಷ್ಟೂ ತೀರದ ಹಸಿವಿನ ಲೇವಡಿ ಎನ್ನುವುದು ಇನ್ನೊಂದು. ಮೊದಲನೆಯದು ಮ್ಯೂಸಿಯಂ ಅಂಗಡಿಗಳಲ್ಲಿ ಚೆನ್ನಾಗಿ ಮಾರಾಟವಾಗುತ್ತದೆ, ಎರಡನೆಯದು ಸೆಮಿನಾರುಗಳಲ್ಲಿ. ಪರಸ್ಪರ ಜಗಳವಾಡುವಂತೆ ಕಂಡರೂ ಇವೆರಡೂ ಓದುತ್ತಿರುವುದು ಹೋಟೆಲಿನ ತಿಂಡಿ ಪಟ್ಟಿಯನ್ನು. ಕ್ಯಾನ್ವಾಸಿನ ಮೇಲೆ ಯಾವ ಪದಾರ್ಥವಿದೆ ಎಂದು ವಿಚಾರಿಸಿ ಅಲ್ಲಿಗೇ ನಿಲ್ಲುತ್ತವೆ. ಆ ಪದಾರ್ಥವನ್ನು ನೋಡುತ್ತಿರುವ ಕಣ್ಣು ಯಾರದು ಎಂದು ಎರಡೂ ಕೇಳುವುದಿಲ್ಲ. ನನ್ನ ವಾದ ಇಷ್ಟು: ಟೀಬೊ ಅವರ 1960ರ ದಶಕದ ಶ್ರೇಷ್ಠ ಚಿತ್ರಗಳಲ್ಲಿ ನೋಡುತ್ತಿರುವವನು ತಿನ್ನಲು ಬಂದವನೂ ಅಲ್ಲ, ಕೊಳ್ಳಲು ಬಂದವನೂ ಅಲ್ಲ. ತಟ್ಟೆಗಳನ್ನು ಜೋಡಿಸಿಡುವವನು, ಕೌಂಟರಿನ ಒಳಬದಿಯಲ್ಲಿ ನಿಂತು ದುಡಿಯುವವನು.

ಅದಕ್ಕೆ ಮೊದಲು ಪಾಪ್ ಆರ್ಟ್ ಎಂಬ ಹಣೆಪಟ್ಟಿಯನ್ನು ಕಿತ್ತುಹಾಕಬೇಕು. ಅದು ಅಂಟಿಕೊಂಡದ್ದು ಕಾಲದ ಕಾಕತಾಳೀಯದಿಂದ. 1962ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಆಲನ್ ಸ್ಟೋನ್ ಗ್ಯಾಲರಿಯಲ್ಲಿ ಟೀಬೊ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಜುಲೈಯಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಆ್ಯಂಡಿ ವಾರ್ಹಾಲ್ ಅವರ 32 ಸೂಪ್ ಡಬ್ಬಿಗಳ ಚಿತ್ರಗಳು ಬಂದವು. ಅದೇ ವರ್ಷ ಪ್ಯಾಸಡೀನಾ ಆರ್ಟ್ ಮ್ಯೂಸಿಯಂನಲ್ಲಿ ವಾಲ್ಟರ್ ಹಾಪ್ಸ್ ಏರ್ಪಡಿಸಿದ ಸಾಮಾನ್ಯ ವಸ್ತುಗಳ ಚಿತ್ರಪ್ರದರ್ಶನದಲ್ಲಿ ಇವರಿಬ್ಬರೂ ಲಿಕ್ಟೆನ್‌ಸ್ಟೈನ್ ಮೊದಲಾದವರ ಜೊತೆ ಒಂದೇ ಸೂರಿನಡಿ ನಿಂತರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು.

ಪಾಪ್ ಆರ್ಟಿಗೆ ಬ್ರ್ಯಾಂಡು ಬೇಕು, ಲೇಬಲ್ಲು ಬೇಕು, ಅಚ್ಚಿನ ಯಂತ್ರದ ನೆನಪು ಬೇಕು. ವಾರ್ಹಾಲ್ ಅವರ ಡಬ್ಬಿಯಿಂದ ಕಂಪನಿಯ ಹೆಸರು ತೆಗೆದರೆ ಚಿತ್ರವೇ ಕುಸಿಯುತ್ತದೆ. ಟೀಬೊ ಅವರ ಪೈಗಳಿಗೆ ಹೆಸರಿಲ್ಲ. ಯಾವ ಬೇಕರಿಯಿಂದ ಬಂದವು, ಯಾವ ಊರಿನವು ಎಂಬುದರ ಗುರುತಿಲ್ಲ. ಜೊತೆಗೆ, ಯಂತ್ರದ ಕೈವಾಡವನ್ನು ನಟಿಸುವ ಬದಲು ಅವರು ಕುಂಚದ ಪ್ರತಿ ಎಳೆತವನ್ನೂ ಕಾಣುವಂತೆ ಬಿಟ್ಟರು. 1956–57ರಲ್ಲಿ ಬೋಧನೆಯಿಂದ ರಜೆ ಪಡೆದು ನ್ಯೂಯಾರ್ಕಿನಲ್ಲಿದ್ದಾಗ ಅವರಿಗೆ ವಿಲ್ಲೆಮ್ ಡಿ ಕೂನಿಂಗ್, ಫ್ರಾಂಜ್ ಕ್ಲೈನ್ ಅವರ ಪರಿಚಯವಾಗಿತ್ತು. ಆ ಅಮೂರ್ತ ಅಭಿವ್ಯಕ್ತಿವಾದಿಗಳ ದಪ್ಪ ಬಣ್ಣ, ತೋಳಿನ ಬೀಸು ಇವರ ಕೇಕಿನ ಮೇಲೆ ಇಳಿದು ಶಿಸ್ತು ಕಲಿತಿದೆ. ಪಾಪ್‌ನ ಅಲೆ ಏಳದಿದ್ದರೆ ಸ್ಯಾಕ್ರಮೆಂಟೊದ ಈ ಮೇಷ್ಟರತ್ತ ನ್ಯೂಯಾರ್ಕ್ ಅಷ್ಟು ಬೇಗ ತಿರುಗಿ ನೋಡುತ್ತಿರಲಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಕೀರ್ತಿ ಬಂದ ದಾರಿ ಬೇರೆ, ಚಿತ್ರ ಬಂದ ದಾರಿ ಬೇರೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ಟೀಬೊ ಬಗ್ಗೆ ಬರೆದವರೆಲ್ಲ ಮೆಚ್ಚಿ ಹೇಳುವ ಮಾತೊಂದಿದೆ: ಅವರ ಕೇಕಿನ ಮೇಲಿನ ಎಣ್ಣೆಬಣ್ಣ ಕೇಕಿನ ಮೇಲಿನ ಕೆನೆಯಂತೆಯೇ ಇದೆ, ಐಸಿಂಗ್ ಬಳಿಯುವಂತೆಯೇ ಬಣ್ಣ ಬಳಿದಿದ್ದಾರೆ ಎನ್ನುವುದು. ಮಾತು ನಿಜ. ಬಣ್ಣವು ತಾನು ಚಿತ್ರಿಸುವ ವಸ್ತುವಿನ ಗುಣವನ್ನೇ ತಾಳುವ ಈ ಕ್ರಿಯೆಯ ಬಗ್ಗೆ ಅವರೂ ಮಾತಾಡಿದ್ದಾರೆ. ಆದರೆ ಇಲ್ಲಿಂದ ‘ನೋಡಿದರೆ ಬಾಯಲ್ಲಿ ನೀರೂರುತ್ತದೆ’ ಎಂಬ ತೀರ್ಮಾನಕ್ಕೆ ಹಾರುವುದನ್ನು ನಾನು ಒಪ್ಪಲಾರೆ. ನನಗೆ ಆ ಚಿತ್ರಗಳ ಮುಂದೆ ಎಂದೂ ಬಾಯಲ್ಲಿ ನೀರೂರಿಲ್ಲ. ಏಕೆಂದರೆ ಕೆನೆಯಂಥ ಬಣ್ಣದ ಪಕ್ಕದಲ್ಲೇ ಟೀಬೊ ಹಸಿವನ್ನು ಕೊಲ್ಲುವ ಮೂರು ಕೆಲಸ ಮಾಡಿದ್ದಾರೆ, ಮತ್ತು ಮೂರನ್ನೂ ಬೇಕೆಂದೇ ಮಾಡಿದ್ದಾರೆ.

ಹಿನ್ನೆಲೆಯನ್ನು ಬಹುತೇಕ ಬಿಳಿ ಮಾಡಿದರು. ಮೇಜಿಲ್ಲ, ಮನೆಯಿಲ್ಲ, ಒಲೆಯ ಕಾವಿಲ್ಲ, ವಾಸನೆ ಹರಡಲು ಗಾಳಿಯಿಲ್ಲ. ನೆರಳಿಗೆ ನೀಲಿ ಬಳಿದರು, ಅದೂ ಮಂಕಾದ ನೀಲಿಯಲ್ಲ, ಕಣ್ಣಿಗೆ ಹೊಡೆಯುವ ನೀಲಿ. ವಸ್ತುವಿನ ಅಂಚಿಗೆ ಕೆಂಪು, ಕಿತ್ತಳೆ, ಹಸಿರು ಗೆರೆಗಳನ್ನು ಒತ್ತೊತ್ತಾಗಿ ಎಳೆದು ಹಾಗೇ ಬಿಟ್ಟರು. ಇದರಿಂದ ಪ್ರತಿ ಕೇಕೂ ಅಕ್ಕಪಕ್ಕದ ಕೇಕಿನಿಂದ ಬೇರೆಯಾಗಿ ಕಂಪಿಸುತ್ತ ನಿಲ್ಲುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಂನಲ್ಲಿರುವ ‘ಡಿಸ್‌ಪ್ಲೇ ಕೇಕ್ಸ್’ (1963) ನೋಡಿ. ಮೂರು ಕೇಕು, ಮೂರು ಪೀಠ. ಒಂದಕ್ಕೊಂದು ತಾಗದೆ, ಒಂದರ ಕಡೆ ಒಂದು ವಾಲದೆ ನಿಂತಿವೆ. ಸಭಾಭವನದಲ್ಲಿ ಯಾರಿಗೋ ಕಾದು ನಿಂತ ಅಪರಿಚಿತರಂತೆ. ಇದನ್ನು ಹಬ್ಬವೆನ್ನಲು ನನಗೆ ಸಾಧ್ಯವಾಗುವುದಿಲ್ಲ.

ಯೂರೋಪಿನ ಸ್ಟಿಲ್ ಲೈಫ್ ಪರಂಪರೆಯ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವಿಲ್ಲೆಮ್ ಕ್ಲಾಸ್ ಹೇಡಾ ಅವರ ಮೇಜಿನ ಮೇಲೆ ಸಿಪ್ಪೆ ಅರ್ಧ ಸುಲಿದ ನಿಂಬೆ ಇಳಿಬಿದ್ದಿರುತ್ತದೆ, ಮುರಿದ ಪೈಯೊಳಗೆ ಚಮಚ ಸಿಕ್ಕಿಕೊಂಡಿರುತ್ತದೆ, ಲೋಟ ಉರುಳಿರುತ್ತದೆ. ಉಣ್ಣುತ್ತಿದ್ದವರು ಈಗಷ್ಟೇ ಎದ್ದುಹೋಗಿದ್ದಾರೆ. 1728ರಲ್ಲಿ ಫ್ರಾನ್ಸಿನ ಅಕಾಡೆಮಿಯನ್ನು ಬೆರಗುಗೊಳಿಸಿದ ಶಾರ್ಡೆನ್ ಅವರ ತೊರಕೆ ಮೀನಿನ ಚಿತ್ರದಲ್ಲಿ ಕರುಳು ಹೊರಬಿದ್ದಿದೆ, ಬೆಕ್ಕು ಬೆನ್ನು ಸೆಟೆಸಿ ನಿಂತಿದೆ. ಆ ಆಹಾರಕ್ಕೆ ಹಲ್ಲು, ನಾಲಿಗೆ, ಕೊಳೆಯುವಿಕೆ ಎಲ್ಲದರ ಸಂಬಂಧವಿದೆ. ಈ ಸಂಬಂಧವನ್ನು ಹೇಳಲು ಕನ್ನಡದಲ್ಲಿ ಒಂದು ಪದವಿದೆ: ಎಂಜಲು. ಬಾಯಿ ತಾಗಿದ ಕ್ಷಣದಲ್ಲಿ ಅನ್ನ ಒಬ್ಬನ ಅನ್ನವಾಗುತ್ತದೆ, ಉಳಿದವರಿಗೆ ನಿಷಿದ್ಧವಾಗುತ್ತದೆ. ಡಚ್ ಮೇಜಿನ ತುಂಬ ಎಂಜಲಿದೆ. ಟೀಬೊ ಅವರಲ್ಲಿ ಎಂಜಲಿಲ್ಲ. ಅವರ ಪೈಗಳು ತುಂಡಾಗಿವೆ, ನಿಜ. ಆದರೆ ಕಚ್ಚಿದ ಗುರುತು ಬೇರೆ, ಕತ್ತರಿಸಿದ ಗುರುತು ಬೇರೆ. ಚಾಕು ಆಡಿದ್ದು ಬಡಿಸುವವನ ಕೈಯಲ್ಲಿ.

ಇಲ್ಲಿಂದಲೇ ನನ್ನ ಮುಖ್ಯ ಮಾತು ಹೊರಡುತ್ತದೆ. ಸ್ಯಾಕ್ರಮೆಂಟೊದ ಕ್ರಾಕರ್ ಮ್ಯೂಸಿಯಂನಲ್ಲಿರುವ ‘ಪೈಸ್, ಪೈಸ್, ಪೈಸ್’ (1961) ಚಿತ್ರದಲ್ಲಿ ತಟ್ಟೆಗೊಂದು ತುಂಡಿನಂತೆ ಸಾಲುಗಳಿವೆ. ನೋಟದ ಕೋನ ಗಮನಿಸಿ. ನಾವು ತಟ್ಟೆಗಳನ್ನು ಸ್ವಲ್ಪ ಮೇಲಿನಿಂದ, ಬಾಗಿ ನೋಡುತ್ತಿದ್ದೇವೆ. ಶೋಕೇಸಿನ ಗಾಜಿಗೆ ಮೂಗು ತಾಗಿಸಿ ನಿಂತ ಮಗುವಿಗೆ ಹೀಗೆ ಕಾಣುವುದಿಲ್ಲ. ಅದಕ್ಕೆ ಮುಂದಿನ ಸಾಲು ದೊಡ್ಡದಾಗಿ ಕಂಡು ಹಿಂದಿನವನ್ನು ಮರೆಮಾಡುತ್ತದೆ. ಬೇಕಾದ ಒಂದು ತುಂಡು ಮಿಕ್ಕ ಎಲ್ಲವನ್ನೂ ನುಂಗಿಬಿಡುತ್ತದೆ. ಆಸೆಗೆ ಪಕ್ಷಪಾತವಿರುತ್ತದೆ. ಟೀಬೊ ಅವರ ನೋಟಕ್ಕೆ ಪಕ್ಷಪಾತವಿಲ್ಲ. ಪ್ರತಿ ತಟ್ಟೆಗೂ ಸಮಾನ ಜಾಗ, ಸಮಾನ ಬೆಳಕು, ಸಮಾನ ಗಮನ. ಯಾವುದನ್ನು ತಿನ್ನಲಿ ಎಂಬ ಪ್ರಶ್ನೆ ಅಲ್ಲಿಲ್ಲ. ಎಷ್ಟು ಉಳಿದಿವೆ, ಸಾಲು ನೇರವಾಗಿದೆಯೇ, ಇನ್ನೊಂದು ತಟ್ಟೆ ಹಿಡಿಯುತ್ತದೆಯೇ ಎಂಬ ಪ್ರಶ್ನೆ ಇದೆ. ಬೆಳಗಿನ ಹೊತ್ತು ನಮ್ಮ ಅಯ್ಯಂಗಾರ್ ಬೇಕರಿಯಲ್ಲಿ ದುಂಡನೆಯ ದಿಲ್‌ಪಸಂದನ್ನು ತ್ರಿಕೋನಗಳಾಗಿ ಕತ್ತರಿಸಿ, ಮೊನೆಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸುವ ಹುಡುಗನ ಮುಖ ನೋಡಿದ್ದೀರಾ? ಆ ಮುಖದಲ್ಲಿ ಹಸಿವೂ ಇರುವುದಿಲ್ಲ, ಹಂಬಲವೂ ಇರುವುದಿಲ್ಲ. ಅವನಿಗೆ ಅದು ಆಕಾರ. ಕೈಗೆ ಬಂದ ಆಕಾರ.

ಟೀಬೊ ತಮ್ಮ ಪೈಗಳ ಹುಟ್ಟನ್ನು ವಿವರಿಸುವಾಗ ಹೇಳುತ್ತಿದ್ದದ್ದೂ ಇದನ್ನೇ: ವೃತ್ತ, ತ್ರಿಕೋನದಂಥ ಮೂಲ ಆಕಾರಗಳನ್ನು ಇಟ್ಟುಕೊಂಡು ಶುರುಮಾಡಿದೆ, ಅವು ಪೈಗಳಾದವು ಎಂದು. ವಿಮರ್ಶಕರು ಇದನ್ನು ಆಕೃತಿವಾದದ ಸಾಕ್ಷಿಯೆಂದು ಬಳಸಿ, ಅವರ ಬದುಕನ್ನು ಬೇರೆ ಅಧ್ಯಾಯಕ್ಕೆ ತಳ್ಳುತ್ತಾರೆ. ಎರಡನ್ನೂ ಬೇರ್ಪಡಿಸಿದ್ದೇ ತಪ್ಪು. ವೃತ್ತವನ್ನು ತ್ರಿಕೋನವಾಗಿಸುವುದು ಪೈ ಮಾರುವವನ ನಿತ್ಯದ ರೇಖಾಗಣಿತ. ಹುಡುಗನಾಗಿದ್ದಾಗ ಟೀಬೊ ಲಾಂಗ್ ಬೀಚ್‌ನ ‘ಮೈಲ್ ಹೈ ಅಂಡ್ ರೆಡ್ ಹಾಟ್’ ಎಂಬ ಅಂಗಡಿಯಲ್ಲಿ ಕೆಲಸ ಮಾಡಿದ್ದರು. ಮೈಲ್ ಹೈ ಎಂದರೆ ಐಸ್‌ಕ್ರೀಮು, ರೆಡ್ ಹಾಟ್ ಎಂದರೆ ಹಾಟ್‌ಡಾಗು. 1930ರ ದಶಕದ ಆರ್ಥಿಕ ಮಹಾಕುಸಿತದ ವರ್ಷಗಳವು. ಆ ವರ್ಷಗಳ ನಡುವೆ ಕುಟುಂಬ ಯೂಟಾದಲ್ಲಿ ಕೃಷಿ ಮಾಡಲು ಹೋಗಿತ್ತು. ಸಮೃದ್ಧಿಯ ಸಂಭ್ರಮ ಎಂದು ಬರೆಯುವವರು ಈ ದಶಕವನ್ನು ಮರೆತೇಬಿಡುತ್ತಾರೆ. ತಮ್ಮ ಸ್ಟುಡಿಯೋದಲ್ಲಿ ಕೇಕು ತಂದಿಟ್ಟು ನೋಡಿ ಬರೆದವರಲ್ಲ ಟೀಬೊ. ಬಹುಪಾಲು ನೆನಪಿನಿಂದಲೇ ಬರೆದರು. ಯಾರ ನೆನಪು ಅದು? ತಿಂದವನ ನೆನಪಾಗಿದ್ದರೆ ರುಚಿ, ಸಂದರ್ಭ, ಎದುರು ಕೂತವರ ಮುಖ ಬರಬೇಕಿತ್ತು. ಬಂದಿರುವುದು ಅಂತರ, ಸಾಲು, ತಟ್ಟೆಯ ಅಂಚು, ಮೇಲಿನಿಂದ ಬೀಳುವ ಗಡಸು ಬೆಳಕು.

ಇನ್ನೊಂದು ಕೆಲಸವನ್ನೂ ಇದರ ಜೊತೆ ಓದಬೇಕು. ಹದಿಹರೆಯದಲ್ಲಿ ಅವರು ಡಿಸ್ನಿ ಸ್ಟುಡಿಯೋದಲ್ಲಿ ಕೆಲವು ಕಾಲ ‘ಇನ್‌-ಬಿಟ್ವೀನರ್’ ಆಗಿದ್ದರು. ಅನಿಮೇಷನ್ನಿನಲ್ಲಿ ಹಿರಿಯ ಕಲಾವಿದರು ಒಂದು ಚಲನೆಯ ಆರಂಭ, ಕೊನೆ ಬರೆದುಕೊಟ್ಟರೆ ನಡುವಿನ ಹತ್ತಾರು ಚಿತ್ರ ಬರೆಯುವುದು ಈ ಕಿರಿಯರ ಪಾಲು. ಪ್ರತಿ ಹಾಳೆಯೂ ಹಿಂದಿನ ಹಾಳೆಯಂತೆಯೇ, ಆದರೆ ಕೂದಲೆಳೆಯಷ್ಟು ಬೇರೆ. ಆಮೇಲೆ ಜಾಹೀರಾತು, ವಿನ್ಯಾಸದ ಕೆಲಸಗಳು. ಸಾಲು ಪೈಗಳಲ್ಲಿ ಒಂದು ತುಂಡಿಗೂ ಪಕ್ಕದ ತುಂಡಿಗೂ ಇರುವ ಅತಿಸಣ್ಣ ವ್ಯತ್ಯಾಸವನ್ನು ನೋಡಿ ಪಾಪ್ ವಿಮರ್ಶಕರು ‘ಸಾಮೂಹಿಕ ಉತ್ಪಾದನೆಯ ಏಕತಾನತೆ’ ಎಂದರು. ನಾನು ಅದರಲ್ಲಿ ನೋಡುವುದು ಇನ್‌-ಬಿಟ್ವೀನರ್‌ನ ಕೈಯನ್ನು. ಒಂದೇ ಕೆಲಸವನ್ನು ನೂರು ಸಲ ಮಾಡಿದವನಿಗೆ ಮಾತ್ರ ನೂರು ಸಲವೂ ಅದು ಬೇರೆ ಎಂದು ಗೊತ್ತಿರುತ್ತದೆ. ಯಂತ್ರ ಪುನರಾವರ್ತಿಸುತ್ತದೆ, ಕೈ ಪ್ರತಿಸಲ ಮತ್ತೆ ಮಾಡುತ್ತದೆ. ವಾರ್ಹಾಲ್ ಮತ್ತು ಟೀಬೊ ಬೇರೆಯಾಗುವುದು ಈ ಬಿಂದುವಿನಲ್ಲಿ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ದಾಟಿಹೋಗುವುದು ಪ್ರಾಮಾಣಿಕತೆಯಲ್ಲ. ತಿನ್ನುವವರು ಇಲ್ಲವೆಂದೆ; ಆದರೆ 1963ರಲ್ಲಿ ಅವರು ‘ಈಟಿಂಗ್ ಫಿಗರ್ಸ್’ ಎಂಬ ಚಿತ್ರವನ್ನೇ ಬರೆದಿದ್ದಾರೆ. ಗಂಡು, ಹೆಣ್ಣು ಸ್ಟೂಲುಗಳ ಮೇಲೆ ಕೂತಿದ್ದಾರೆ, ಕೈಯಲ್ಲಿ ಹಾಟ್‌ಡಾಗ್ ಇದೆ. ಚಿತ್ರದ ಹೆಸರಿನಲ್ಲೇ ತಿನ್ನುವುದಿದೆಯಲ್ಲ ಎನ್ನಬಹುದು. ಚಿತ್ರದ ಮುಂದೆ ಸ್ವಲ್ಪ ಹೊತ್ತು ಕೂತರೆ ಉತ್ತರ ಸಿಗುತ್ತದೆ. ಪಕ್ಕಪಕ್ಕದಲ್ಲೇ ಕೂತ ಇಬ್ಬರಲ್ಲಿ ಒಂದು ಮಾತಿಲ್ಲ, ಒಂದು ನೋಟವಿಲ್ಲ. ಎರಡು ಕೇಕುಗಳ ನಡುವೆ ಇಟ್ಟ ಅಂತರವನ್ನೇ ಟೀಬೊ ಈ ಇಬ್ಬರ ನಡುವೆ ಇಟ್ಟಿದ್ದಾರೆ. ಗಿರಾಕಿಗಳನ್ನು ಕೌಂಟರಿನ ಒಳಗಿನಿಂದ ನೋಡುವವನಿಗೆ ಕಾಣುವುದು ಹೀಗೆಯೇ: ಬಂದರು, ಕೂತರು, ಇನ್ನು ಏಳುತ್ತಾರೆ. ಆ ಚಿತ್ರ ನನ್ನ ವಾದವನ್ನು ಮುರಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಟೀಬೊ ಅವರನ್ನೂ ಸುಮ್ಮನೆ ಬಿಡಲಾಗದು. ಅವರು ಊಟದ ಕೌಂಟರುಗಳನ್ನು ಬರೆಯುತ್ತಿದ್ದ ವರ್ಷಗಳಲ್ಲಿ ಅಮೆರಿಕದಲ್ಲಿ ಕೌಂಟರು ಎನ್ನುವುದು ಮುಗ್ಧ ಸ್ಥಳವಾಗಿರಲಿಲ್ಲ. 1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಆ ಧರಣಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿತು. 1963ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ಹಾಗೆ ಕೂತವರ ತಲೆಯ ಮೇಲೆ ಜನ ಕೆಚಪ್ಪು, ಸಾಸಿವೆ ಗೊಜ್ಜು, ಸಕ್ಕರೆ ಸುರಿದರು. ವಿಟ್ನಿ ಮ್ಯೂಸಿಯಂನ ‘ಪೈ ಕೌಂಟರ್’ ಚಿತ್ರದ ವರ್ಷವೂ 1963. ಎಂಜಲು, ಮಡಿ, ಪಂಕ್ತಿ ಎಂಬ ಪದಗಳ ಜೊತೆ ಬೆಳೆದ ನಮಗೆ ಯಾರ ಪಕ್ಕ ಯಾರು ಕೂತು ಉಣ್ಣಬಹುದು ಎಂಬ ಪ್ರಶ್ನೆಯ ಕ್ರೌರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೀಬೊ ಇದನ್ನು ಬರೆಯಬೇಕಿತ್ತು ಎಂದು ನಾನು ಕೇಳುತ್ತಿಲ್ಲ. ಕಲಾವಿದನಿಗೆ ವಸ್ತುವನ್ನು ನಿಗದಿ ಮಾಡುವ ವಿಮರ್ಶೆಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಈ ಚಿತ್ರಗಳನ್ನು ‘ಸರಳ ಕಾಲದ ನೆನಪು’ ಎಂದು ಕರೆಯುವವರ ಬಾಯಿಂದ ಆ ಮಾತನ್ನು ಕಿತ್ತುಕೊಳ್ಳಲು ಈ ತಾರೀಖುಗಳು ಸಾಕು. ಟೀಬೊ ಅವರ ಕೌಂಟರಿನ ನಿರ್ಜನತೆ ಎರಡು ಅಲಗಿನದು. ಅದರಲ್ಲಿ ದುಡಿಯುವವನ ಏಕಾಂತವಿದೆ; ಯಾರಿಗೆ ಬಡಿಸಬೇಕು, ಯಾರಿಗೆ ಬಡಿಸಬಾರದು ಎಂಬ ಪ್ರಶ್ನೆ ಹುಟ್ಟುವ ಮೊದಲೇ ಚಿತ್ರವನ್ನು ಮುಗಿಸಿಬಿಡುವ ಅನುಕೂಲವೂ ಇದೆ. ಮೊದಲನೆಯದು ಅವರ ದೊಡ್ಡತನ, ಎರಡನೆಯದು ಅವರ ಮಿತಿ. ಅವರನ್ನು ಮೆಚ್ಚುವವರು ಈ ಮಿತಿಯನ್ನು ಹೆಸರಿಸದಿದ್ದರೆ ಮೆಚ್ಚುಗೆಗೆ ತೂಕ ಬರುವುದಿಲ್ಲ.

ಇನ್ನೊಂದು ಮಿತಿ ಪುನರುಕ್ತಿಯದು. ಅವರು ಆರಾಧಿಸುತ್ತಿದ್ದ ಇಟಲಿಯ ಜಾರ್ಜೊ ಮೊರಾಂಡಿ ಬದುಕಿಡೀ ಅವೇ ಬಾಟಲಿಗಳನ್ನು ಬರೆದರು. ಆದರೆ ವರ್ಷ ಕಳೆದಂತೆ ಬಾಟಲಿಗಳ ಹಿಡಿತ ಸಡಿಲವಾಗಿ, ಕೊನೆಗೆ ಬೆಳಕಿನ ಮಸುಕು ಮಾತ್ರ ಉಳಿಯಿತು. ಟೀಬೊ ಅವರ ತಡವಾದ ಕೇಕುಗಳಲ್ಲಿ ಅಂಥ ಸವೆತವಿಲ್ಲ. ಬಣ್ಣ ಇನ್ನೂ ಹೊಳೆಯುತ್ತದೆ, ಅಂಚಿನ ಕಾಮನಬಿಲ್ಲು ಇನ್ನೂ ಗಾಢವಾಗುತ್ತದೆ, ಆದರೆ ಜೋಡಿಸುವವನ ಆತಂಕ ಹೋಗಿ ಯಜಮಾನನ ನಿರಾಳ ಬಂದಿದೆ. ಜನ ಕೇಳಿದ್ದನ್ನು ಕೊಟ್ಟಂತಿದೆ. ಅವರ ನಿಜವಾದ ಮುಂದುವರಿಕೆ ಇರುವುದು 1970ರ ದಶಕದ ಸ್ಯಾನ್ ಫ್ರಾನ್ಸಿಸ್ಕೊ ರಸ್ತೆಗಳ ಚಿತ್ರಗಳಲ್ಲಿ. ರಸ್ತೆಗಳು ಗೋಡೆಯಂತೆ ನೆಟ್ಟಗೆ ಎದ್ದುನಿಲ್ಲುತ್ತವೆ, ಕಟ್ಟಡಗಳು ಚಾಕುವಿನಿಂದ ಕತ್ತರಿಸಿದ ಪದರಗಳಂತಿವೆ, ಇನ್ನೇನು ಜಾರಿ ಬೀಳುತ್ತವೆ ಎನಿಸುತ್ತದೆ. ಕೇಕುಗಳ ಪ್ರೇಮಿಗಳು ಈ ಚಿತ್ರಗಳನ್ನು ಬೇರೊಬ್ಬ ಟೀಬೊ ಎಂದು ಬದಿಗಿಡುತ್ತಾರೆ. ಪೈಗಳನ್ನು ಕತ್ತರಿಸಿದ ಅದೇ ಕೈ ಇಲ್ಲಿ ಒಂದು ಊರನ್ನು ಕತ್ತರಿಸುತ್ತಿದೆ, ಹೆಚ್ಚು ಧೈರ್ಯದಿಂದ.

ಅಂತೂ ನನ್ನ ತೀರ್ಪು ಹೀಗಿದೆ. ಟೀಬೊ ಅವರ ಶ್ರೇಷ್ಠ ಕಾಲ ಪೈ ಸಾಲುಗಳಿಂದ ಶುರುವಾಗಿ, ಬೆಟ್ಟದ ರಸ್ತೆಗಳಲ್ಲಿ ಇನ್ನೊಮ್ಮೆ ಚಿಗುರುತ್ತದೆ. ನಡುವೆ, ನಂತರ ಬಂದ ಸಿಹಿಗಳಲ್ಲಿ ಹಲವು ಅವರ ಖ್ಯಾತಿಗೆ ಸೇರಿದವು, ಕಲೆಗೆ ಅಲ್ಲ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಅವರ ‘ಕೇಕ್ಸ್’ (1963) ಇದೆ. ಐದು ಅಡಿ ಎತ್ತರ, ಆರಡಿ ಅಗಲ, ಹದಿಮೂರು ಕೇಕು. ಅಮೆರಿಕದಲ್ಲಿರುವ ಕನ್ನಡಿಗರಿಗೆ, ಅಲ್ಲಿಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ಆ ಚಿತ್ರದ ಎದುರು ಫೋಟೋ ತೆಗೆಸಿಕೊಳ್ಳುವ ಮೊದಲು ಒಂದು ಕೇಕಿಗೂ ಇನ್ನೊಂದಕ್ಕೂ ನಡುವಿನ ಬಿಳಿ ಜಾಗವನ್ನು ಹತ್ತಿರ ಹೋಗಿ ನೋಡಿ. ಅಲ್ಲಿನ ಬಣ್ಣವೂ ಕೇಕಿನ ಮೇಲಿನಷ್ಟೇ ದಪ್ಪವಾಗಿದೆ.